ಬ್ರಿಟನ್ನಿನ ಫ್ಯಾಮಿಲಿ ವಿಸಿಟ್ ವೀಸಾ ಅಪೀಲು: ಕಿರಿದಾದ ಬಾಗಿಲು

2013ರ ಜೂನ್ 25ರಿಂದ ಬ್ರಿಟನ್ನಿನಲ್ಲಿ ಕುಟುಂಬ ಭೇಟಿಯ ವೀಸಾ ನಿರಾಕರಣೆಗೆ ಪೂರ್ಣ ಅಪೀಲು ಇಲ್ಲ. ಉಳಿದಿರುವುದು ಮಾನವ ಹಕ್ಕುಗಳ ಆಧಾರ, ಅಂದರೆ ಖಾಸಗಿ ಹಾಗೂ ಕುಟುಂಬ ಜೀವನದ ಗೌರವದ ಹಕ್ಕು ಕೊಡುವ ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಮಾತ್ರ. ಸೇವೆಯಾಗಿ ನೋಡಿದರೆ ಅಪೀಲಿನ ಫಾರ್ಮ್ ಸುಲಭ: ಆನ್‌ಲೈನ್‌ನಲ್ಲೇ ತುಂಬಬಹುದು, ದೇಶದ ಹೊರಗಿನವರಿಗೆ ನಿರ್ಧಾರ ಕೈಸೇರಿದಂದಿನಿಂದ 28 ದಿನ ಗಡುವು. ವಿಚಾರಣೆ ಬೇಡ, ಕಾಗದಪತ್ರ ನೋಡಿಯೇ ತೀರ್ಮಾನಿಸಿ ಎಂದರೆ ಶುಲ್ಕ ಕಡಿಮೆ.

ತೊಡಕಿರುವುದು ಗೆಲ್ಲುವುದರಲ್ಲಿ. ಮೂಲ ಅರ್ಜಿಯಲ್ಲೇ ಮಾನವ ಹಕ್ಕಿನ ವಾದ ಎತ್ತಿರದಿದ್ದರೆ 'ಅಪೀಲಿನ ಹಕ್ಕೇ ಇಲ್ಲ' ಎಂಬ ತಕರಾರು ಮೊದಲು ಬರುತ್ತದೆ. ಗಂಡ-ಹೆಂಡತಿ, ಅಥವಾ ತಂದೆ-ತಾಯಿ ಮತ್ತು ಅಪ್ರಾಪ್ತ ಮಗುವಿನ ಸಂಬಂಧವಾದರೆ ವಾದಕ್ಕೆ ಬಲ. ಬೆಳೆದ ಮಗನ ಮನೆಗೆ ತಾಯಿ ಹೋಗುವುದಾದರೆ ಸಾಮಾನ್ಯ ಪ್ರೀತಿ ಸಾಲದು, ಅದಕ್ಕೂ ಮಿಗಿಲಾದ ಅವಲಂಬನೆ ತೋರಿಸಬೇಕು. ಕೆಲವೇ ವಾರಗಳ ಭೇಟಿ ತಪ್ಪಿದರೆ 8ನೇ ವಿಧಿ ಸಾಮಾನ್ಯವಾಗಿ ಅನ್ವಯಿಸದು ಎಂದು 2017ರ ಕೋಪೋಯ್ ಪ್ರಕರಣದಲ್ಲಿ ಅಪೀಲು ನ್ಯಾಯಾಲಯ ಹೇಳಿದೆ. ವೀಸಾ ನಿಯಮಗಳೆಲ್ಲ ಪೂರೈಸಿದ್ದವು ಎಂಬುದು ವಾದಕ್ಕೆ ತೂಕ ಕೊಡುತ್ತದೆ, ಆದರೆ ಅದೊಂದೇ ಗೆಲ್ಲಿಸದು.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ದಿಢೀರನೆ ಬಂದ ಹಣಕ್ಕೆ ವಿವರಣೆ ಇಲ್ಲ ಎಂಬಂಥ ಕಾರಣಕ್ಕೆ ನಿರಾಕರಣೆಯಾಗಿದ್ದರೆ ಅಪೀಲಿನ ಗೊಡವೆ ಬೇಡ. ಆ ಹಣ ಎಲ್ಲಿಂದ ಬಂತು ಎಂಬ ದಾಖಲೆ ಸೇರಿಸಿ ಹೊಸ ಅರ್ಜಿ ಹಾಕುವುದೇ ಬೇಗ.