ಹಳೆಯ ಬುಲೆಟ್ಟಿನ ಕ್ಲಚ್ಚಿಗೆ ಯಾವುದು ಹಿತ? ಕಾರ್ಕ್, ಬಾಂಡೆಡ್ ಪ್ಲೇಟು, ಆಯಿಲ್, ಸ್ಪ್ರಿಂಗು: ಒಂದು ಹೋಲಿಕೆ

ಒಂದಕ್ಕೊಂದು ಒತ್ತಿಕೊಂಡ ಪ್ಲೇಟುಗಳ ಹಿಡಿತದಿಂದ ಇಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವುದು ಕ್ಲಚ್ಚು. ಹಳೆಯ ಬುಲೆಟ್ಟಿನಲ್ಲಿ ಅದು ಎರಡು ಬಗೆಯಲ್ಲಿ ಕಾಡುತ್ತದೆ. ಏರಿನಲ್ಲಿ ಇಂಜಿನ್ನಿನ ಸದ್ದು ಮಾತ್ರ ಏರುತ್ತ ಹೋಗಿ ಗಾಡಿ ಮುಂದಕ್ಕೆ ಹೋಗದಿದ್ದರೆ ಅದು ಸ್ಲಿಪ್. ಲಿವರನ್ನು ಪೂರ್ತಿ ಹಿಡಿದರೂ ಗಾಡಿ ತೆವಳುತ್ತಿದ್ದು, ನಿಂತಲ್ಲಿ ನ್ಯೂಟ್ರಲ್ ಸಿಗದಿದ್ದರೆ ಅದು ಡ್ರ್ಯಾಗ್. ಚೆನ್ನೈಯ ತಿರುವೊಟ್ಟಿಯೂರಿನ ಎನ್‌ಫೀಲ್ಡ್ ಕಾರ್ಖಾನೆಯಿಂದ 1970ರ ದಶಕದಲ್ಲಿ ಹೊರಬಂದ, ಬಲಗಾಲಿನಲ್ಲಿ ಗೇರು ಹಾಕುವ 350 ಸಿಸಿ ಬುಲೆಟ್ಟೊಂದನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಬಣ್ಣ ಹೊಡೆಸಿ ರಸ್ತೆಗಿಳಿಸಿದ ಮೇಲೆ ಈ ಎರಡೂ ತೊಂದರೆಗಳು ಒಟ್ಟಿಗೇ ಕಾಣಿಸಿಕೊಂಡವು. ಕೇಳಿದವರೆಲ್ಲರೂ ಕೊಟ್ಟ ಸಲಹೆ ಪ್ಲೇಟು ಬದಲಾಯಿಸುವುದು. ಯಾವ ಪ್ಲೇಟು, ಯಾವ ಆಯಿಲ್, ಯಾವ ಸ್ಪ್ರಿಂಗು ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಆದ್ದರಿಂದ ಎಲ್ಲವನ್ನೂ ಒಂದೇ ಗಾಡಿಯಲ್ಲಿ, ಒಂದೇ ರಸ್ತೆಗಳಲ್ಲಿ ಹಾಕಿ ನೋಡಿದೆ. ಒಂದು ಮಳೆಗಾಲ ಮತ್ತು ಒಂದು ಬೇಸಗೆಯನ್ನು ದಾಟಿದ ಆ ಪ್ರಯೋಗದ ಫಲಿತಾಂಶವನ್ನು ಇಲ್ಲಿ ಬರೆದಿದ್ದೇನೆ.

ಪ್ಲೇಟುಗಳನ್ನು ಹೋಲಿಸುವ ಮೊದಲು ಒಂದು ವಿಷಯವನ್ನು ಹೇಳಲೇಬೇಕು. ಪುಷ್ ರಾಡ್, ಕೇಬಲ್ ಮತ್ತು ಸ್ಪ್ರಿಂಗುಗಳ ಬಲದಿಂದ ಉಳಿದ ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು ಸರಿಯಿಲ್ಲದ ಗಾಡಿಯಲ್ಲಿ ಯಾವ ಪ್ಲೇಟು ಹಾಕಿದರೂ ಒಂದೇ. ಕುಂಬಳೆಯಲ್ಲಿ ನಾವೆಲ್ಲ ಇಚ್ಚ ಎಂದು ಕರೆಯುವ ಹಿರಿಯ ಮೆಕ್ಯಾನಿಕರು, ನಾನು ಮಂಗಳೂರಿನಿಂದ ತಂದ ಹೊಸ ಪ್ಲೇಟುಗಳ ಪೊಟ್ಟಣವನ್ನು ನೋಡಿ, "ಮಾಷ್ಟ್ರೇ, ಅದು ಅಲ್ಲೇ ಇರಲಿ. ಮೊದಲು ರಾಡ್ ತೆಗೆದು ತೋರಿಸಿ" ಎಂದರು. ಈ ಬುಲೆಟ್ಟಿನಲ್ಲಿ ಕ್ಲಚ್ ಇರುವುದು ಎಡಗಡೆಯಲ್ಲಿ, ಇಂಜಿನ್ನಿನಿಂದ ಕ್ಲಚ್ಚಿಗೆ ಬಲ ತರುವ ಚೈನನ್ನು ಮುಚ್ಚಿದ ಚೈನ್ ಕೇಸಿನೊಳಗೆ, ಕೇಬಲ್ ಬಂದು ಸೇರುವುದು ಬಲಗಡೆಯ ಗೇರ್ ಬಾಕ್ಸಿಗೆ. ಇವೆರಡರ ನಡುವೆ ಗೇರ್ ಬಾಕ್ಸಿನ ಟೊಳ್ಳು ಶಾಫ್ಟಿನ ಮೂಲಕ ಹಾದುಹೋಗುವ ರಾಡೇ ಪ್ಲೇಟುಗಳನ್ನು ತಳ್ಳಿ ಬಿಡಿಸುತ್ತದೆ. ನನ್ನ ಗಾಡಿಯ ರಾಡಿನ ತುದಿ ಬಿಸಿಗೆ ನೀಲಿಗಟ್ಟಿ, ಅಂಚು ಹೊರಕ್ಕೆ ಮಡಚಿಕೊಂಡಿತ್ತು. ಲಿವರಿನಲ್ಲಿ ಆಟ, ಅಂದರೆ ಸ್ವಲ್ಪ ಸಡಿಲ, ಬಿಡದೆ ಕೇಬಲನ್ನು ಬಿಗಿಯಾಗಿ ಇಟ್ಟುಕೊಂಡು ಓಡಿಸಿದ ಗಾಡಿಗಳಲ್ಲಿ ಹೀಗಾಗುತ್ತದೆ. ರಾಡು ಸದಾ ಒತ್ತಿಕೊಂಡೇ ಇದ್ದು ತುದಿ ಸವೆಯುತ್ತದೆ, ಪ್ಲೇಟುಗಳು ಅರೆಬರೆ ಬಿಟ್ಟುಕೊಂಡು ಸ್ಲಿಪ್ ಆಗುತ್ತವೆ, ಲಿವರ್ ಹಿಡಿದಾಗ ಸವೆದ ರಾಡು ಸಾಕಷ್ಟು ತಳ್ಳದೆ ಡ್ರ್ಯಾಗ್ ಕೂಡ ಆಗುತ್ತದೆ. ಎರಡೂ ತೊಂದರೆ ಒಟ್ಟಿಗೆ ಬಂದದ್ದರ ಕಾರಣ ಇಷ್ಟೇ ಆಗಿತ್ತು. ಹೊಸ ರಾಡು ಹಾಕಿ, ಬಲಗಡೆಯ ಚಿಕ್ಕ ಮುಚ್ಚಳ ತೆಗೆದು ಒಳಗಿನ ಅಡ್ಜಸ್ಟರ್ ಸ್ಕ್ರೂವನ್ನು ಮೊದಲು ಹೊಂದಿಸಿ, ಆಮೇಲೆ ಕೇಬಲಿನಲ್ಲಿ ಎರಡು ಮೂರು ಮಿಲಿಮೀಟರ್ ಆಟ ಇಟ್ಟಾಗ ಅರ್ಧ ಕಾಯಿಲೆ ವಾಸಿಯಾಯಿತು.

ಸ್ಲಿಪ್ಪನ್ನು ಮನೆಯಲ್ಲೇ ಗುರುತಿಸಲು ಕಿಕ್ ಸಾಕು, ಏಕೆಂದರೆ ಈ ಗಾಡಿಯಲ್ಲಿ ಕಿಕ್ಕಿನ ಬಲ ಗೇರ್ ಬಾಕ್ಸ್ ಮತ್ತು ಕ್ಲಚ್ಚಿನ ಮೂಲಕವೇ ಇಂಜಿನ್ನಿಗೆ ತಲುಪುತ್ತದೆ. ಕಂಪ್ರೆಶನ್ ಬಂದ ಕೂಡಲೇ ಕಿಕ್ಕು ಸದ್ದಿಲ್ಲದೆ ಕೆಳಕ್ಕೆ ಜಾರಿದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬೇಕು; ಕಟಕಟ ಸದ್ದಿನೊಂದಿಗೆ ಜಾರಿದರೆ ಕಿಕ್ಕಿನ ಹಲ್ಲುಚಕ್ರವಾದ ರ್‍ಯಾಚೆಟ್ ಸವೆದಿರುವ ಸಾಧ್ಯತೆ ಹೆಚ್ಚು, ಅದಕ್ಕೆ ಕ್ಲಚ್ ಬಿಚ್ಚಬೇಕಾಗಿಲ್ಲ.

ಈಗ ಪ್ಲೇಟುಗಳ ವಿಷಯಕ್ಕೆ ಬರೋಣ. ಗಾಡಿಯ ಜೊತೆ ಬಂದ ಹಳೆಯ ಪ್ಲೇಟುಗಳಲ್ಲಿ ಕಾರ್ಕ್ ತುಂಡುಗಳಿದ್ದವು. ಅವು ಒಣಗಿ ಪುಡಿಯಾಗಿದ್ದುದರಿಂದ ಇಚ್ಚ ಹೊಸ ಕಾರ್ಕನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಒಂದೊಂದನ್ನೂ ಪ್ಲೇಟಿನ ತೂತಿಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಬಳಿಕ ದಪ್ಪ ಗಾಜಿನ ಮೇಲೆ ಮರಳು ಕಾಗದ ಹರಡಿ, ಅದರ ಮೇಲೆ ಪ್ಲೇಟನ್ನು ವೃತ್ತಾಕಾರವಾಗಿ ಉಜ್ಜುತ್ತ, ಆಗಾಗ ಎತ್ತಿ ಬೆಳಕಿಗೆ ಹಿಡಿದು ಯಾವ ತುಂಡು ಎತ್ತರದಲ್ಲಿದೆ ಎಂದು ನೋಡುತ್ತ ಸಮಮಾಡಿದರು. ಇಡೀ ರಾತ್ರಿ ಆಯಿಲಿನಲ್ಲಿ ನೆನೆಸಿಟ್ಟು ಮರುದಿನ ಜೋಡಿಸಿದೆವು. ಇಂಥ ಕೆಲಸ ಬಲ್ಲವರು ಈಗ ನಮ್ಮ ಕಡೆ ಬಹಳ ಕಡಿಮೆ. ಅದನ್ನು ಕಣ್ಣಾರೆ ನೋಡಲು ಸಿಕ್ಕಿದ್ದೇ ನನಗೆ ದೊಡ್ಡ ಸಂತೋಷ.

ಕಾರ್ಕಿನ ಗುಣ ಮೃದುತ್ವ. ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಬಳಿ, ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ಬಸ್ಸುಗಳ ಹಿಂದೆ ನಿಂತು ನಿಂತು ಹೋಗುವಾಗ ಲಿವರ್ ಬಿಟ್ಟಂತೆ ಹಿಡಿತ ಅಳತೆಗೆ ತಕ್ಕಂತೆ ಬರುತ್ತದೆ, ಗಾಡಿ ಎಲ್ಲಿಯೂ ಎಗರುವುದಿಲ್ಲ, ನ್ಯೂಟ್ರಲ್ ಕೂಡ ಕಾಲಿನ ಒಂದು ಸಣ್ಣ ತಳ್ಳುವಿಕೆಗೆ ಸಿಗುತ್ತದೆ. ಅದರ ದೌರ್ಬಲ್ಯ ಬಿಸಿ. ಧರ್ಮತ್ತಡ್ಕದಿಂದ ಪೊಸಡಿಗುಂಪೆಗೆ ಹತ್ತುವ ರಸ್ತೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಕಡಿದಾದ ತಿರುವುಗಳಲ್ಲಿ ಅರ್ಧ ಕ್ಲಚ್ ಹಿಡಿಯುತ್ತ ಹೋದರೆ ಮೇಲ್ಭಾಗ ತಲುಪುವ ಮೊದಲೇ ಕರಟಿದ ವಾಸನೆ ಬರುತ್ತದೆ. ಬಿಚ್ಚಿ ನೋಡಿದಾಗ ಕೆಲವು ತುಂಡುಗಳ ಮುಖ ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿತ್ತು. ಮತ್ತೆ ಮರಳು ಕಾಗದದಲ್ಲಿ ಉಜ್ಜಿದರೆ ಕೆಲಕಾಲ ಸರಿಹೋಗುತ್ತದೆ, ಆದರೆ ತುಂಡು ತೆಳ್ಳಗಾದಷ್ಟೂ ಸ್ಪ್ರಿಂಗಿನ ಒತ್ತಡ ಕುಗ್ಗುತ್ತ ಹೋಗುತ್ತದೆ.

ಬಾಂಡೆಡ್ ಪ್ಲೇಟುಗಳೆಂದರೆ ಉಕ್ಕಿನ ತಗಡಿನ ಎರಡೂ ಮುಖಕ್ಕೆ ಘರ್ಷಣೆಯ ಲೈನಿಂಗನ್ನು ಅಂಟಿಸಿದವು. ಅದೇ ಏರಿನಲ್ಲಿ, ಅದೇ ಭಾರದೊಂದಿಗೆ ಇವು ಒಮ್ಮೆಯೂ ಜಾರಲಿಲ್ಲ. ಬಿಸಿಯಾದ ಮೇಲೆ ಹಿಡಿತ ಬದಲಾಗುವುದೂ ಇಲ್ಲ. ಆದರೆ ಹಿಡಿಯುವಾಗ ಒಮ್ಮೆಲೇ ಹಿಡಿಯುತ್ತವೆ. ಕಾರ್ಕಿಗೆ ಒಗ್ಗಿದ ಕೈಗೆ ಮೊದಮೊದಲು ಗಾಡಿ ಜಿಗಿದಂತೆ ಅನಿಸುತ್ತದೆ. ಇನ್ನೂ ಒಂದು ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಸಿಗುವ ಎಲ್ಲ ಪ್ಲೇಟುಗಳ ಅಳತೆಯೂ ಒಂದೇ ಇರುವುದಿಲ್ಲ. ನಾನು ತಂದ ಎರಡು ಸೆಟ್ಟುಗಳಲ್ಲಿ ಒಂದರ ಹೊರಗಿನ ಹಲ್ಲುಗಳು ಪ್ಲೇಟುಗಳು ಕೂರುವ ಡ್ರಮ್ಮಿನ ಸಂದುಗಳಲ್ಲಿ ಸಡಿಲವಾಗಿದ್ದು, ನಿಂತಲ್ಲಿ ಇಂಜಿನ್ ಓಡುವಾಗ ಗಲಗಲ ಸದ್ದು ಮಾಡುತ್ತಿದ್ದವು. ಹಾಗೆ ಸಡಿಲವಿದ್ದ ಹಲ್ಲುಗಳು ಡ್ರಮ್ಮಿನ ಅಂಚನ್ನು ಬಡಿದು ಬಡಿದು ಕಚ್ಚು ಮಾಡುತ್ತವೆ, ಆಮೇಲೆ ಪ್ಲೇಟು ಆ ಕಚ್ಚಿನಲ್ಲಿ ಸಿಕ್ಕಿಬಿದ್ದು ಡ್ರ್ಯಾಗ್ ಶುರುವಾಗುತ್ತದೆ. ಸಣ್ಣ ಕಚ್ಚನ್ನು ಅರದಿಂದ ಸಮಮಾಡಬಹುದು. ಆಳವಾದದ್ದಕ್ಕೆ ಡ್ರಮ್ ಬದಲಾವಣೆಯೇ ದಾರಿ. ಕೊಳ್ಳಲು ಹೋಗುವಾಗ ಸಾಧ್ಯವಾದರೆ ಡ್ರಮ್ಮನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು.

ಆಯಿಲಿನ ಹೋಲಿಕೆಯಲ್ಲಿ ವ್ಯತ್ಯಾಸ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. 20W-40 ಮೋಟಾರ್ ಸೈಕಲ್ ಆಯಿಲ್ ಹಾಕಿದಾಗ ಬಾಂಡೆಡ್ ಪ್ಲೇಟುಗಳು ಮಳೆಗಾಲದ ಬೆಳಗ್ಗೆ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಲಿವರ್ ಹಿಡಿದು ಎರಡು ಮೂರು ಸಲ ಕಿಕ್ ತುಳಿದು ಬಿಡಿಸಿಕೊಳ್ಳದೆ ಮೊದಲ ಗೇರು ಹಾಕಿದರೆ ಗಾಡಿ ಮುಗ್ಗರಿಸಿ ಆಫ್ ಆಗುತ್ತಿತ್ತು. ಆಟೋಮ್ಯಾಟಿಕ್ ಗೇರಿನ ಕಾರುಗಳಿಗೆ ಹಾಕುವ ಕೆಂಪು ಬಣ್ಣದ ಎಟಿಎಫ್ ಆಯಿಲನ್ನು ಚೈನ್ ಕೇಸಿಗೆ ಹಾಕಿದ ಮೇಲೆ ಈ ಅಂಟು ಬಹುಮಟ್ಟಿಗೆ ಹೋಯಿತು. ಬುಲೆಟ್ಟಿನಲ್ಲಿ ಚೈನ್ ಕೇಸಿನ ಆಯಿಲ್ ಬೇರೆ, ಇಂಜಿನ್ನಿನ ಆಯಿಲ್ ಬೇರೆ ಆಗಿರುವುದರಿಂದಲೇ ಇಂಥ ಪ್ರಯೋಗ ಸಾಧ್ಯ. ಎಟಿಎಫ್ ತೆಳುವಾದ್ದರಿಂದ ಸೋರಿಕೆ ಹೆಚ್ಚು. ಒಂದೇ ನಟ್ಟು ಮತ್ತು ಒಂದು ರಬ್ಬರ್ ಸೀಲಿನ ಮೇಲೆ ನಿಂತಿರುವ ಈ ಚೈನ್ ಕೇಸಿನ ಮುಚ್ಚಳಕ್ಕೆ ಅದೊಂದು ಪರೀಕ್ಷೆ. ಮುರಕಲ್ಲಿನ ಅಂಗಳದಲ್ಲಿ ಕೆಂಪು ಹನಿ ಕಣ್ಣಿಗೆ ಬೀಳುವುದಿಲ್ಲ, ಅಡಿಗೆ ಒಂದು ರಟ್ಟು ಹಾಸಿ ನೋಡಬೇಕಾಗುತ್ತದೆ. ಘರ್ಷಣೆ ತಗ್ಗಿಸುವ ಅಂಶಗಳಿರುವ ಹೊಸ ಕಾರುಗಳ ಇಂಜಿನ್ ಆಯಿಲನ್ನು ಮಾತ್ರ ಇಲ್ಲಿಗೆ ಹಾಕಬಾರದು. ಇಂಜಿನ್ ಆಯಿಲನ್ನೇ ಹಾಕುವುದಾದರೆ, ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚಿಗೆ ಬೇಕಾದದ್ದು ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತಿರುವ ಆಯಿಲ್. ಚೈನ್ ಕೇಸಿನ ಆಯಿಲ್ ಮಟ್ಟ ತನ್ನಷ್ಟಕ್ಕೇ ಏರುತ್ತಿದ್ದರೆ ಇಂಜಿನ್ನಿನ ಕಡೆಯಿಂದ ಸೀಲು ದಾಟಿ ಕಪ್ಪು ಆಯಿಲ್ ಬರುತ್ತಿದೆ ಎಂದು ಅರ್ಥ. ಅದನ್ನು ನಿಲ್ಲಿಸದೆ ಪ್ಲೇಟುಗಳ ಬಗ್ಗೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಗಟ್ಟಿ ಸ್ಪ್ರಿಂಗುಗಳು ನನಗೆ ಸರಿಬರಲಿಲ್ಲ. ಕಾರ್ಕ್ ಪ್ಲೇಟುಗಳ ಸ್ಲಿಪ್ ಅವುಗಳಿಂದ ನಿಂತಿತು ನಿಜ, ಆದರೆ ಪೇಟೆಯಲ್ಲಿ ಮುಂಗೈ ನೋಯುತ್ತದೆ, ಕೇಬಲ್ ಬೇಗ ಎಳೆ ಬಿಡುತ್ತದೆ, ಪುಷ್ ರಾಡಿನ ತುದಿಗೂ ಹೊರೆ ಹೆಚ್ಚು. ಮಾಮೂಲಿ ಹೊಸ ಸ್ಪ್ರಿಂಗುಗಳನ್ನೇ ಮೂರನ್ನೂ ಒಟ್ಟಿಗೆ, ಒಂದೇ ಉದ್ದವಿದೆಯೆಂದು ಅಕ್ಕಪಕ್ಕ ನಿಲ್ಲಿಸಿ ನೋಡಿ ಹಾಕಿದಾಗ ಫಲ ಹೆಚ್ಚು ಚೆನ್ನಾಗಿತ್ತು. ಜೋಡಿಸಿದ ಮೇಲೆ ಮುಚ್ಚಳ ಹಾಕುವ ಮೊದಲು ಒಬ್ಬರು ಲಿವರ್ ಹಿಡಿದು ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಬೇಕು, ಇನ್ನೊಬ್ಬರು ಪ್ರೆಷರ್ ಪ್ಲೇಟನ್ನು ಬದಿಯಿಂದ ನೋಡಬೇಕು. ಅದು ಓಲಾಡದೆ ನೇರವಾಗಿ ತಿರುಗಿದರೆ ಸರಿ. ಒಂದು ಬದಿ ಮೊದಲು ಎದ್ದು ಇನ್ನೊಂದು ಬದಿ ಕುಳಿತೇ ಇದ್ದರೆ ಡ್ರ್ಯಾಗ್ ತಪ್ಪಿದ್ದಲ್ಲ, ಪ್ಲೇಟು ಎಷ್ಟೇ ಹೊಸದಾಗಿರಲಿ. ನಡುವಿನ ಉಕ್ಕಿನ ಪ್ಲೇಟುಗಳನ್ನೂ ಗಾಜಿನ ಮೇಲಿಟ್ಟು ಬಾಗಿಲ್ಲವೆಂದು ಖಾತರಿ ಮಾಡಿಕೊಂಡಿರಬೇಕು.

ಪೇಟೆಗೆ, ಪೆರ್ಲ ವಿಟ್ಲಗಳ ಕಡೆಗೆ ಒಬ್ಬರೇ ನಿಧಾನವಾಗಿ ಹೋಗಿಬರುವವರಿಗೆ, ಕೆಲಸ ಬಲ್ಲ ಕೈ ಹತ್ತಿರದಲ್ಲಿದ್ದರೆ, ಕಾರ್ಕ್ ಪ್ಲೇಟು ಮತ್ತು 20W-40 ಆಯಿಲಿನ ಜೋಡಿಯನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಈ ಗಾಡಿಯ ಸ್ವಭಾವಕ್ಕೆ ಅದರಷ್ಟು ಹೊಂದುವ ಹಿಡಿತ ಬೇರೆ ಯಾವುದರಲ್ಲಿಯೂ ಸಿಗಲಿಲ್ಲ. ಇಬ್ಬರು ಕುಳಿತು ಗುಡ್ಡ ಹತ್ತುವವರಿಗೆ, ದಿನನಿತ್ಯ ಓಡಿಸುವವರಿಗೆ ಅಳತೆ ನೋಡಿ ಆರಿಸಿದ ಬಾಂಡೆಡ್ ಪ್ಲೇಟು, ಎಟಿಎಫ್ ಮತ್ತು ಮಾಮೂಲಿ ಸ್ಪ್ರಿಂಗು ಸೂಕ್ತ. ನನ್ನ ಗಾಡಿಯಲ್ಲಿ ಈಗ ಇರುವುದು ಎರಡನೆಯದು, ಏಕೆಂದರೆ ನಮ್ಮ ಮನೆಯಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಸಿಗುವುದು ಏರು. ಕಾರ್ಕ್ ಹಾಕಿದ ಸೆಟ್ಟನ್ನು ಒಣಗಲು ಬಿಡದೆ, ಮುಚ್ಚಳವಿರುವ ಡಬ್ಬಿಯಲ್ಲಿ ಆಯಿಲಿನೊಳಗೆ ಮುಳುಗಿಸಿ ಇಟ್ಟಿದ್ದೇನೆ.