ಕಾರ್ಕಳದ ಗೇರು, ಉಡುಪಿಯ ಹಪ್ಪಳ ಮತ್ತು ಟ್ರೇಡ್ ಮ್ಯಾಪ್: ಎರಡು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಕಾರ್ಕಳ ತಾಲ್ಲೂಕಿನ ಒಂದು ಸಣ್ಣ ಗೇರುಬೀಜ ಕಾರ್ಖಾನೆ ಮತ್ತು ಉಡುಪಿಯ ಹತ್ತಿರ ಹದಿನಾಲ್ಕು ಮಂದಿ ಹೆಂಗಸರು ಸೇರಿ ನಡೆಸುವ ಒಂದು ಹಪ್ಪಳ ಘಟಕ, ಇವೆರಡರ ಲೆಕ್ಕಪತ್ರವನ್ನೂ ರಫ್ತಿನ ಕಾಗದಪತ್ರವನ್ನೂ ನಾನು ನೋಡಿಕೊಳ್ಳುತ್ತೇನೆ. ಸರಕನ್ನು ಹೊರದೇಶಕ್ಕೆ ಕಳುಹಿಸಬೇಕೆಂದು ಹೊರಟಾಗ ಎರಡೂ ಕಡೆಯವರು ಕೇಳಿದ ಮೊದಲ ಪ್ರಶ್ನೆ ಒಂದೇ ಆಗಿತ್ತು: ಯಾವ ದೇಶದವರು ಇದನ್ನು ಕೊಳ್ಳುತ್ತಾರೆ, ಎಷ್ಟು ಬೆಲೆ ಕೊಡುತ್ತಾರೆ? ಉತ್ತರ ಹುಡುಕಲು ಎರಡು ವರ್ಷಗಳಿಂದ ಟ್ರೇಡ್ ಮ್ಯಾಪ್ ಎಂಬ ಜಾಲತಾಣವನ್ನು ಬಳಸುತ್ತಿದ್ದೇನೆ. ಅದು ಯಾವುದಕ್ಕೆ ಒದಗುತ್ತದೆ, ಎಲ್ಲಿ ದಾರಿ ತಪ್ಪಿಸಬಹುದು ಎಂಬುದನ್ನು ನಮ್ಮ ಕರಾವಳಿಯ ಸಣ್ಣ ಉದ್ದಿಮೆದಾರರಿಗಾಗಿ ಬರೆಯುತ್ತಿದ್ದೇನೆ.

ಟ್ರೇಡ್ ಮ್ಯಾಪ್ ನಡೆಸುವುದು ಜಿನೀವಾದ ಅಂತಾರಾಷ್ಟ್ರೀಯ ವ್ಯಾಪಾರ ಕೇಂದ್ರ. 1964ರಲ್ಲಿ ಹುಟ್ಟಿದ ಈ ಸಂಸ್ಥೆ ಇಂದು ವಿಶ್ವಸಂಸ್ಥೆ ಮತ್ತು ವಿಶ್ವ ವ್ಯಾಪಾರ ಸಂಸ್ಥೆ ಎರಡಕ್ಕೂ ಸೇರಿದ ಜಂಟಿ ಅಂಗ. ಅಭಿವೃದ್ಧಿಶೀಲ ದೇಶಗಳ ಸಣ್ಣ ಉದ್ದಿಮೆಗಳು ಹೊರಗಿನ ಮಾರುಕಟ್ಟೆ ತಲುಪುವಂತೆ ನೆರವಾಗುವುದು ಅದರ ಕೆಲಸ. ಸುಮಾರು 220 ದೇಶ ಮತ್ತು ಪ್ರದೇಶಗಳ, 5,300ರಷ್ಟು ಬಗೆಯ ಸರಕುಗಳ ಆಮದು ರಫ್ತಿನ ಅಂಕಿಗಳನ್ನು ಇಲ್ಲಿ ಒಂದೇ ಅಚ್ಚಿನ ಕೋಷ್ಟಕಗಳಲ್ಲಿ ನೋಡಬಹುದು. ನಮ್ಮ ದೇಶದವರಿಗೆ ಇದಕ್ಕೆ ಹಣ ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸಿದರೆ ಸಾಕು. ಇದರ ಮಹತ್ವ ತಿಳಿಯಬೇಕಾದರೆ ಮಂಗಳೂರಿನ ಹಳೆಯ ವ್ಯಾಪಾರವನ್ನು ನೆನೆಯಬೇಕು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್‌ಗೆ ಅಷ್ಟರಲ್ಲಾಗಲೇ ತನ್ನದೇ ಆದ ವ್ಯಾಪಾರ ಕಂಪನಿ ಇತ್ತು. ಹೊರದೇಶದ ಬಂದರಿನಲ್ಲಿ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳುವ ಸೌಕರ್ಯ ಅಂಥ ದೊಡ್ಡವರಿಗೆ ಮಾತ್ರ ಇತ್ತು. ಸಣ್ಣವರು ದಲ್ಲಾಳಿಯ ಬಾಯಿಮಾತನ್ನೇ ನಂಬಿಕೊಂಡು ಬಂದರು, ಬಹಳಷ್ಟು ಮಂದಿ ಇಂದಿಗೂ ಹಾಗೆಯೇ ಇದ್ದಾರೆ.

ತಾಣದೊಳಗೆ ಹೋಗಲು ಬೇಕಾದ ಕೀಲಿ ಎಂದರೆ ಎಚ್‌ಎಸ್ ಕೋಡ್. ಪ್ರತಿ ಬಗೆಯ ಸರಕಿಗೂ ಒಂದು ಸಂಖ್ಯೆ ಕೊಡುವ, ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿರುವ ಈ ವರ್ಗೀಕರಣ 1988ರಿಂದ ಜಾರಿಯಲ್ಲಿದೆ. ಅದರ ಮೊದಲ ಆರು ಅಂಕೆಗಳು ಲೋಕಕ್ಕೆಲ್ಲ ಒಂದೇ. ಆಮೇಲಿನ ಅಂಕೆಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳುತ್ತದೆ, ಭಾರತದಲ್ಲಿ ಒಟ್ಟು ಎಂಟು ಅಂಕೆ. ಗೇರಿನ ವಿಷಯದಲ್ಲಿ ಇದು ಸರಳ. ಸಿಪ್ಪೆ ಸಹಿತವಾದ ಬೀಜಕ್ಕೆ 080131, ತಿರುಳಿಗೆ 080132. ಹುರಿದು ಉಪ್ಪು ಖಾರ ಹಾಕಿದರೆ ಅದು ಬೇರೆಯೇ ಅಧ್ಯಾಯಕ್ಕೆ, 200819ಕ್ಕೆ ಹಾರುತ್ತದೆ. ಮಸಾಲೆ ಗೇರು ಮಾರುವವರು ತಿರುಳಿನ ಅಂಕಿ ನೋಡಿ ಲೆಕ್ಕ ಹಾಕಿದರೆ ಬೆಲೆಯೂ ಸುಂಕವೂ ಎರಡೂ ತಪ್ಪುತ್ತವೆ.

ಹಪ್ಪಳದಲ್ಲಿ ನಾನು ಎಡವಿದೆ, ಅದನ್ನು ವಿವರವಾಗಿಯೇ ಹೇಳಬೇಕು. ಹಪ್ಪಳದ ಆರಂಕಿ ಕೋಡ್ 190590. ಅದನ್ನು ಕೊಟ್ಟು ಯಾವ ದೇಶಗಳು ಹೆಚ್ಚು ಆಮದು ಮಾಡುತ್ತವೆ ಎಂದು ಕೇಳಿದಾಗ ಅಮೆರಿಕ, ಬ್ರಿಟನ್, ಜರ್ಮನಿ, ಫ್ರಾನ್ಸ್ ಎಂದು ಪಟ್ಟಿ ಬಂತು, ಎದುರಿಗೆ ನೂರಾರು ಕೋಟಿ ಡಾಲರುಗಳ ಮೊತ್ತ. ಜರ್ಮನಿಯಲ್ಲಿ ಇಷ್ಟು ಬೇಡಿಕೆ ಇದೆಯೇ ಎಂದು ಆಶ್ಚರ್ಯಪಟ್ಟು, ಘಟಕದ ಸಭೆಯಲ್ಲಿ ಆ ಹಾಳೆಯನ್ನು ಓದಿಯೂ ಹೇಳಿದೆ. ಮರುವಾರ ಕಸ್ಟಮ್ಸ್ ಏಜೆಂಟರು ಶಿಪ್ಪಿಂಗ್ ಬಿಲ್ಲಿಗೆ, ಅಂದರೆ ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ಪತ್ರಕ್ಕೆ, ಎಂಟಂಕಿ ಕೋಡ್ ಕೇಳಿದಾಗಲೇ ನನಗೆ ಅರಿವಾದದ್ದು: 190590 ಎಂಬ ಆರಂಕಿಯ ಬುಟ್ಟಿಯಲ್ಲಿ ಹಪ್ಪಳದ ಜೊತೆಗೆ ಬ್ರೆಡ್ಡು, ಕೇಕು, ಪೇಸ್ಟ್ರಿ ಮತ್ತು ಬಗೆಬಗೆಯ ಬೇಕರಿ ತಿನಿಸುಗಳೆಲ್ಲ ತುಂಬಿವೆ. ಜರ್ಮನಿಯ ಆ ಮೊತ್ತ ಬೇಕರಿಯದ್ದು. ಹಪ್ಪಳಕ್ಕೆಂದೇ ಇರುವ 19059040 ಎಂಬ ಕೋಡ್ ಭಾರತದ ಸುಂಕಪಟ್ಟಿಯಲ್ಲಿ ಮಾತ್ರ ಸಿಗುತ್ತದೆ.

ಇದು ಟ್ರೇಡ್ ಮ್ಯಾಪ್‌ನ ತಪ್ಪಲ್ಲ, ವರ್ಗೀಕರಣದ ಸ್ವಭಾವ. ಅಲ್ಲಿಯೇ ಪರಿಹಾರವೂ ಇದೆ. ಭಾರತದ ರಫ್ತನ್ನು ಆಯ್ದುಕೊಂಡು, ವಿವರದ ಮಟ್ಟವನ್ನು ಎಂಟಂಕಿಗೆ ಇಳಿಸಿದರೆ ನಮ್ಮ ದೇಶದಿಂದ ಹೊರಟ ಹಪ್ಪಳ ಯಾವ ಯಾವ ದೇಶಕ್ಕೆ ಎಷ್ಟು ಹೋಯಿತು ಎಂಬ ನಿಜವಾದ ಪಟ್ಟಿ ಕಾಣುತ್ತದೆ. ಅಲ್ಲಿ ಜರ್ಮನಿ ಹಿಂದೆ ಸರಿದು ಬ್ರಿಟನ್, ಅಮೆರಿಕ, ಅರಬ್ ಸಂಯುಕ್ತ ಸಂಸ್ಥಾನ ಮುಂತಾದ, ನಮ್ಮವರು ನೆಲೆಸಿರುವ ನಾಡುಗಳು ಎದ್ದು ಕಾಣುತ್ತವೆ. ಕೋಟಿಗಳ ಕನಸು ಕರಗಿ ಮೊತ್ತ ಬಹಳ ಕಡಿಮೆಯಾಯಿತು ಎಂದು ಸಭೆಯಲ್ಲಿ ಕೆಲವರು ಸಪ್ಪಗಾದರು. ನನಗೆ ಮಾತ್ರ ಆ ಸಣ್ಣ ಪಟ್ಟಿಯೇ ಹೆಚ್ಚು ಬೆಲೆಯದ್ದೆನಿಸಿತು, ಏಕೆಂದರೆ ಅದರಲ್ಲಿದ್ದ ಪ್ರತಿಯೊಂದು ಕಿಲೋ ನಿಜವಾಗಿಯೂ ಹಪ್ಪಳವೇ ಆಗಿತ್ತು.

ಗೇರಿನಲ್ಲಿ ಈ ತಾಣದಿಂದ ಆದ ಉಪಕಾರ ಇನ್ನೂ ದೊಡ್ಡದು, ಅದು ಬೆಲೆಗೆ ಸಂಬಂಧಿಸಿದ್ದು. ಕೋಷ್ಟಕದಲ್ಲಿ ಮೌಲ್ಯ ಸಾವಿರ ಡಾಲರಿನಲ್ಲಿರುತ್ತದೆ, ತೂಕ ಟನ್ನಿನಲ್ಲಿರುತ್ತದೆ. ಮೌಲ್ಯವನ್ನು ತೂಕದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕಿಲೋ ಒಂದಕ್ಕೆ ಸಿಕ್ಕ ಸರಾಸರಿ ಡಾಲರು; ಬೇರೆ ಸೂತ್ರ ಬೇಡ. ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ಒಬ್ಬ ದಲ್ಲಾಳಿ ನಮ್ಮ ಕಾರ್ಖಾನೆಗೆ ಬಂದು, ಕೊಲ್ಲಿಯಲ್ಲಿ ದರ ಬಿದ್ದಿದೆ, ಈಗ ಕೊಟ್ಟರೆ ಇಷ್ಟು, ಮುಂದಿನ ತಿಂಗಳು ಇದೂ ಇಲ್ಲ ಎಂದು ಅವಸರ ಮಾಡಿದರು. ನಾವು ಅವರನ್ನು ಚಹಾಕ್ಕೆ ಕೂರಿಸಿ, ಒಳಗೆ ಹೋಗಿ ಭಾರತದಿಂದ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹೋದ ತಿರುಳಿನ ತಿಂಗಳವಾರು ಅಂಕಿಗಳನ್ನು ತೆರೆದೆವು. ಸಿಕ್ಕಷ್ಟು ತಿಂಗಳುಗಳಲ್ಲಿ ಕಿಲೋವಾರು ಸರಾಸರಿ ಕೆಳಗೆ ಇಳಿದಿರಲಿಲ್ಲ. ಆ ಹಾಳೆಯನ್ನು ಅವರ ಮುಂದೆ ಇಟ್ಟ ಮೇಲೆ ಮಾತಿನ ಧಾಟಿ ಬದಲಾಯಿತು. ಬೆಲೆ ಏರಿದ್ದು ಸ್ವಲ್ಪವೇ, ಆದರೆ ಹದಿನೈದು ವರ್ಷಗಳಲ್ಲಿ ಮೊದಲ ಸಲ ಮಾಲೀಕರು ದರವನ್ನು ಕೇಳಿಸಿಕೊಳ್ಳುವ ಬದಲು ತಾವೇ ಹೇಳಿದರು.

ಆದರೂ ಈ ಸರಾಸರಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. 080132 ಎಂಬ ಒಂದೇ ಕೋಡಿನೊಳಗೆ ಡಬ್ಲ್ಯು 180 ಎಂಬ ದರ್ಜೆಯ ದಪ್ಪ ಬೀಜವೂ ಬರುತ್ತದೆ, ಪೌಂಡಿಗೆ 300ರಿಂದ 320 ಬೀಜ ತೂಗುವ ಡಬ್ಲ್ಯು 320 ದರ್ಜೆಯದ್ದೂ ಬರುತ್ತದೆ, ಸೀಳಿದ್ದು ಚೂರಾದದ್ದೂ ಬರುತ್ತದೆ. ಒಂದು ತಿಂಗಳು ಚೂರು ಹೆಚ್ಚಾಗಿ ಹೋದರೆ ಇಡೀ ಬೀಜದ ದರ ಕದಲದಿದ್ದರೂ ಸರಾಸರಿ ಬಿದ್ದಂತೆ ಕಾಣುತ್ತದೆ. ಇದಕ್ಕೂ ಎಂಟಂಕಿಯೇ ಮದ್ದು: ಭಾರತದ ಪಟ್ಟಿಯಲ್ಲಿ ಚೂರಿಗೆ 08013210, ಇಡಿಯ ತಿರುಳಿಗೆ 08013220 ಎಂದು ಪ್ರತ್ಯೇಕವಾಗಿದೆ. ಅದಕ್ಕಿಂತ ಸೂಕ್ಷ್ಮವಾಗಿ ದರ್ಜೆವಾರು ಬೆಲೆ ಇಲ್ಲಿ ಸಿಗುವುದಿಲ್ಲ, ಅದನ್ನು ವ್ಯಾಪಾರದ ಬಳಕೆಯಿಂದಲೇ ತಿಳಿಯಬೇಕು.

ಇದೇ ಅಂಕಿಗಳು ನಮಗೆ ರಫ್ತು ಮಾಡಬೇಡಿ ಎಂದೂ ಹೇಳಿದವು. ಲೋಕದಲ್ಲಿ ಅತಿ ಹೆಚ್ಚು ಗೇರು ತಿರುಳನ್ನು ರಫ್ತು ಮಾಡುವ ದೇಶ ವಿಯೆಟ್ನಾಂ. ಆಫ್ರಿಕಾದಿಂದ ಕಚ್ಚಾ ಬೀಜ ತರಿಸಿ ಯಂತ್ರಗಳಲ್ಲಿ ಒಡೆದು ಅದು ಕೊಡುವ ದರವನ್ನೂ ನಮ್ಮ ಊರಿನ ಸಿಹಿತಿಂಡಿ ಅಂಗಡಿಯವರು ಸೀಳುಗೇರಿಗೆ ಕೊಡುವ ದರವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ, ಸೀಳನ್ನು ಊರಲ್ಲೇ ಮಾರಿ ಇಡಿಯ ಬೀಜವನ್ನಷ್ಟೇ ಹೊರಗೆ ಕಳುಹಿಸುವುದು ಲೇಸೆಂದು ತೀರ್ಮಾನವಾಯಿತು. ಕಂಟೇನರ್ ತುಂಬಿಸುವ ಮೊದಲೇ ಇದು ತಿಳಿದದ್ದು ನಮ್ಮ ಪುಣ್ಯ.

ನೆದರ್ಲೆಂಡ್ಸ್ ಕುರಿತು ಒಂದು ಎಚ್ಚರಿಕೆ ಅಗತ್ಯ. ಗೇರು ತಿರುಳಿನ ಆಮದು ಪಟ್ಟಿಯಲ್ಲಿ ಅದರ ಹೆಸರು ಮೇಲ್ಭಾಗದಲ್ಲೇ ಇರುತ್ತದೆ, ಆದರೆ ಡಚ್ಚರು ಅಷ್ಟನ್ನೆಲ್ಲ ತಿನ್ನುವುದಿಲ್ಲ. ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದ ಸರಕಿನ ಬಹುಪಾಲು ಜರ್ಮನಿ ಮುಂತಾದ ಕಡೆಗೆ ಮರುರಫ್ತಾಗುತ್ತದೆ. ಅದೇ ದೇಶದ ರಫ್ತಿನ ಪುಟವನ್ನೂ ತೆರೆದು ನೋಡಿದರೆ ಇದು ಕೂಡಲೇ ತಿಳಿಯುತ್ತದೆ, ಕೊಲ್ಲಿ ದೇಶಗಳ ವಿಷಯದಲ್ಲೂ ಹೀಗೆ ನೋಡುವುದು ಒಳ್ಳೆಯದು. ಒಂದು ದೇಶ ತನ್ನ ಅಂಕಿ ಕೊಡದೆ ಇದ್ದಾಗ ಅದರ ಜೊತೆ ವ್ಯಾಪಾರ ಮಾಡಿದ ದೇಶಗಳ ಲೆಕ್ಕದಿಂದ ತುಂಬಿಸಿದ ಕನ್ನಡಿ ಅಂಕಿಗಳೂ ಇಲ್ಲಿವೆ. ರಫ್ತಿನ ಲೆಕ್ಕದಲ್ಲಿ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿರುವುದಿಲ್ಲ, ಆಮದಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ, ಆದ್ದರಿಂದ ಎರಡು ದೇಶಗಳ ಲೆಕ್ಕ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ.

ಕೊಳ್ಳುವವರ ಹೆಸರು ಸಿಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕೆಲವು ಸರಕುಗಳಿಗೆ, ಕೆಲವು ದೇಶಗಳಲ್ಲಿ, ಆಮದು ಕಂಪನಿಗಳ ಪಟ್ಟಿ ಇದೆ. ಅದನ್ನು ಮೊದಲ ಪತ್ರ ಬರೆಯಲು ಬಳಸಬಹುದು, ಅದಕ್ಕಿಂತ ಹೆಚ್ಚು ಭಾರ ಹಾಕಬಾರದು. ಈ ಆಸೆಯಿಂದಲೇ ನಾವು ಟ್ರೇಡ್ ಮ್ಯಾಪ್ ಪರಿಚಯವಾಗುವ ಮೊದಲು ಒಂದು ಖಾಸಗಿ ಸಂಸ್ಥೆಗೆ ಹಣ ತೆತ್ತು ಹಪ್ಪಳ ಕೊಳ್ಳುವವರ ವಿಳಾಸಗಳನ್ನು ತರಿಸಿಕೊಂಡಿದ್ದೆವು. ಬರೆದ ಪತ್ರಗಳಲ್ಲಿ ಹೆಚ್ಚಿನವು ವಿಳಾಸದಾರರು ಇಲ್ಲವೆಂದು ಹಿಂದಿರುಗಿದವು, ಉಳಿದವರಲ್ಲಿ ಒಬ್ಬರು ತಾವು ಹಪ್ಪಳವನ್ನು ಎಂದೂ ತರಿಸಿದವರಲ್ಲ ಎಂದು ಉತ್ತರಿಸಿದರು. ಆ ಹಣ ಹೆಂಗಸರು ಮಳೆಗಾಲದ ಖರ್ಚಿಗೆಂದು ಎತ್ತಿಟ್ಟಿದ್ದು, ಅದಕ್ಕಾಗಿ ಇಂದಿಗೂ ನನಗೆ ಸಂಕಟವಿದೆ. ಇಂಥ ಪಟ್ಟಿ ಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಎಂದರೆ, ಆಮದುದಾರರೂ ರಫ್ತುದಾರರೂ ಕಸ್ಟಮ್ಸ್‌ಗೆ ಸಲ್ಲಿಸಿದ ಮೌಲ್ಯ, ವರ್ಗೀಕರಣದಂಥ ವಿವರಗಳನ್ನು ಕಾನೂನಿನ ಅನುಮತಿಯಿಲ್ಲದೆ ಪ್ರಕಟಿಸುವುದನ್ನು 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ ಸೇರಿಸಿದ 135ಎಎ ಕಲಂ ಅಪರಾಧವೆಂದು ಹೇಳಿದೆ. ಟ್ರೇಡ್ ಮ್ಯಾಪ್‌ನಲ್ಲಿರುವುದು ದೇಶದ ಒಟ್ಟು ಮೊತ್ತ, ಯಾರೊಬ್ಬರ ಬಿಲ್ಲೂ ಅಲ್ಲ.

ಸುಂಕ ಮತ್ತು ನಿಯಮಗಳಿಗೆ ಇದೇ ಸಂಸ್ಥೆಯ ಮಾರ್ಕೆಟ್ ಆಕ್ಸೆಸ್ ಮ್ಯಾಪ್ ಎಂಬ ಇನ್ನೊಂದು ತಾಣವಿದೆ, ಎರಡನ್ನೂ ಜೊತೆಯಾಗಿಯೇ ಬಳಸಬೇಕು. ಅರಬ್ ಸಂಯುಕ್ತ ಸಂಸ್ಥಾನದ ಜೊತೆಗಿನ ಭಾರತದ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ ಜೊತೆಗಿನದು ಅದೇ ವರ್ಷದ ಡಿಸೆಂಬರ್ 29ರಿಂದ ಜಾರಿಗೆ ಬಂದಿದೆ. ಸಾಮಾನ್ಯ ಸುಂಕವನ್ನೂ ಒಪ್ಪಂದದ ಸುಂಕವನ್ನೂ ಅಲ್ಲಿ ಹೋಲಿಸಿ ನೋಡಿ, ಸರಕು ಭಾರತದ್ದೇ ಎಂದು ತೋರಿಸುವ ಮೂಲ ಪ್ರಮಾಣಪತ್ರ ಪಡೆಯುವ ಓಡಾಟಕ್ಕೆ ತಕ್ಕ ಉಳಿತಾಯವಿದೆಯೇ ಎಂದು ತೀರ್ಮಾನಿಸಬಹುದು. ಆಹಾರದ ನಿಯಮಗಳನ್ನಂತೂ ಅಲ್ಲಿಂದ ಮುಂದೆ ಮೂಲ ಕಡತದವರೆಗೆ ಓದಲೇಬೇಕು. ಯುರೋಪ್ ಒಕ್ಕೂಟ ನೇರವಾಗಿ ತಿನ್ನುವ ಗೇರಿನಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಒಟ್ಟು ಕಿಲೋಗೆ 4 ಮೈಕ್ರೋಗ್ರಾಂ ಮೀರಬಾರದೆನ್ನುತ್ತದೆ, ಇದು ಯಾವ ವ್ಯಾಪಾರದ ಅಂಕಿಯಲ್ಲೂ ಕಾಣಿಸುವ ವಿಷಯವಲ್ಲ.

ಅಂಕಿ ಯಾವಾಗಲೂ ನಿನ್ನೆಯದ್ದು ಎಂಬುದಕ್ಕೆ ನಮ್ಮ ಜಿಲ್ಲೆಗಳ ಹಾಳೆತಟ್ಟೆಗಿಂತ ನೋವಿನ ಉದಾಹರಣೆ ಬೇಡ. ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳಿಗೆ ಅಮೆರಿಕ ಒಳ್ಳೆಯ ಮಾರುಕಟ್ಟೆ ಎಂದು ನಂಬಿ ಯಂತ್ರ ಹಾಕಿದವರು ಇಲ್ಲಿ ಹಲವರಿದ್ದಾರೆ. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು, ಈ ತಟ್ಟೆಗಳು ಆಹಾರ ಬಡಿಸಲು ಸಲ್ಲದು ಎಂದಿತು. ಅದೇ ವರ್ಷದ ಆಗಸ್ಟ್ 27ರಿಂದ ಭಾರತದ ಅನೇಕ ಸರಕುಗಳ ಮೇಲೆ ಅಮೆರಿಕದ ಹೆಚ್ಚುವರಿ ಸುಂಕ 50 ಶೇಕಡಾಕ್ಕೆ ಏರಿತು. ಆ ದಿನಗಳಲ್ಲಿ ವಾರ್ಷಿಕ ಕೋಷ್ಟಕ ತೆರೆದವರಿಗೆ ಕಾಣುತ್ತಿದ್ದುದು ಹಿಂದಿನ ವರ್ಷಗಳ ಏರುಗತಿಯೇ. ಆದ್ದರಿಂದ ಟ್ರೇಡ್ ಮ್ಯಾಪ್ ನೋಡಿ ದೇಶ ಆಯ್ದ ಮೇಲೂ ಆ ದೇಶದ ಇಂದಿನ ಆದೇಶಗಳನ್ನು ನೋಡದೆ ಒಂದು ರೂಪಾಯಿಯನ್ನೂ ಹೂಡಬಾರದೆಂದು ನಾನು ಎಲ್ಲರಲ್ಲೂ ವಿನಂತಿಸುತ್ತೇನೆ.

ಎಕ್ಸ್‌ಪೋರ್ಟ್ ಪೊಟೆನ್ಷಿಯಲ್ ಮ್ಯಾಪ್ ಎಂಬ ಇದೇ ಸಂಸ್ಥೆಯ ಮೂರನೆಯ ತಾಣ, ಯಾವ ಸರಕಿಗೆ ಎಲ್ಲಿ ರಫ್ತಿನ ಅವಕಾಶವಿದೆ ಎಂದು ಅಂದಾಜಿಸುವಂಥದ್ದು, ಯೋಜನೆ ರೂಪಿಸುವ ಅಧಿಕಾರಿಗಳಿಗೆ ಹೆಚ್ಚು ಸಲ್ಲುತ್ತದೆ, ನಮ್ಮಂಥವರಿಗೆ ಅಷ್ಟಾಗಿ ಒದಗದು. ನಮ್ಮ ವಾಣಿಜ್ಯ ಇಲಾಖೆಯ ಅಂಕಿಗಳೂ, 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ, ರಫ್ತುದಾರರಿಗಾಗಿ ಕೇಂದ್ರ ಸರ್ಕಾರ ನಡೆಸುವ ಟ್ರೇಡ್ ಕನೆಕ್ಟ್ ಜಾಲ ವೇದಿಕೆಯೂ ಇದರ ಜೊತೆಗೆ ತಾಳೆ ನೋಡಲು ಉಪಯುಕ್ತ.

ಉಳಿದ ಕೊರತೆ ಭಾಷೆಯದ್ದು. ಟ್ರೇಡ್ ಮ್ಯಾಪ್ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳನ್ನು ಬಲ್ಲವರಿಗಾಗಿ ಇದೆ, ಹಪ್ಪಳ ಲಟ್ಟಿಸುವವರು ಅದನ್ನು ತಾವಾಗಿ ಓದಲಾರರು. ಹಾಗಾಗಿ ನಾನು ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ದೇಶ, ಟನ್ನು, ಕಿಲೋಗೆ ಬಂದ ಬೆಲೆ ಇಷ್ಟನ್ನು ಕನ್ನಡದಲ್ಲಿ, ಡಾಲರನ್ನು ರೂಪಾಯಿಗೆ ತಿರುಗಿಸಿ, ದಪ್ಪ ಅಕ್ಷರಗಳಲ್ಲಿ ಬರೆದು ಘಟಕದ ಗೋಡೆಗೆ ಅಂಟಿಸುತ್ತೇನೆ. ಕಳೆದ ಬಾರಿ ಹಾಳೆ ಬದಲಿಸುವಾಗ ಹಿಟ್ಟು ನಾದುತ್ತಿದ್ದ ಒಬ್ಬರು ಎದ್ದು ಬಂದು, ಬ್ರಿಟನ್ನಿಗೆ ಹೋದದ್ದರ ಬೆಲೆ ಕೊಲ್ಲಿಗಿಂತ ಏಕೆ ಹೆಚ್ಚಿದೆ, ಅಲ್ಲಿ ಪೊಟ್ಟಣ ಸಣ್ಣದಿರಬಹುದೇ ಎಂದು ಕೇಳಿದರು. ಈಗ ಬ್ರಿಟನ್ನಿನ ಒಬ್ಬ ಅಂಗಡಿಯವರಿಗೆ 200 ಗ್ರಾಂ ಪೊಟ್ಟಣಗಳ ಮಾದರಿ ಕಳುಹಿಸಿದ್ದೇವೆ.