ಬುಕ್‌ಫೈಂಡರ್: ಹಳೇ ಪುಸ್ತಕ ಹುಡುಕುವವರಿಗೆ ಎಷ್ಟು ಉಪಯೋಗ?

ಅಚ್ಚು ನಿಂತುಹೋದ ಇಂಗ್ಲಿಷ್ ಪುಸ್ತಕ ಬೇಕಾದರೆ ವರ್ಷಗಳಿಂದ ನಾನು ಮೊದಲು ತೆರೆಯುವುದು ಬುಕ್‌ಫೈಂಡರ್ ಡಾಟ್ ಕಾಮ್. 1997ರಿಂದ ಇರುವ ತಾಣ. ತಾನೇ ಏನನ್ನೂ ಮಾರುವುದಿಲ್ಲ; ಅಬೆಬುಕ್ಸ್, ಅಮೆಜಾನ್‌ನಂಥ ಕಡೆ ಯಾರ ಬಳಿ ಪ್ರತಿ ಇದೆ ಎಂದು ಜಾಲಾಡಿ, ಅಂಚೆ ಖರ್ಚನ್ನೂ ಸೇರಿಸಿ ಬೆಲೆ ತೋರಿಸುತ್ತದೆ. ನನಗೆ ಇಷ್ಟವಾಗಿದ್ದು ಇದೇ. ವಿದೇಶದಿಂದ ತರಿಸುವಾಗ ಎಷ್ಟೋ ಸಲ ಪುಸ್ತಕಕ್ಕಿಂತ ಅಂಚೆಯೇ ದುಬಾರಿ. ಆಮದು ಪುಸ್ತಕಗಳಿಗೆ 2019ರ ಬಜೆಟ್‌ನಲ್ಲಿ ಹಾಕಿದ ಶೇ. 5ರ ಸುಂಕ ಬೇರೆ.

ಐಎಸ್‌ಬಿಎನ್ (ಪುಸ್ತಕದ ಆವೃತ್ತಿಗೆ ಕೊಡುವ ಗುರುತಿನ ಸಂಖ್ಯೆ) ಒಂದನ್ನೇ ನಂಬಿ ಹುಡುಕಬೇಡಿ. ಗಟ್ಟಿ ರಟ್ಟಿನ ಪ್ರತಿಗೊಂದು ಸಂಖ್ಯೆ, ಪೇಪರ್‌ಬ್ಯಾಕಿಗೆ ಇನ್ನೊಂದು. ಅಗ್ಗದ ಆವೃತ್ತಿ ಕಣ್ತಪ್ಪಿ ಹೋಗುತ್ತದೆ. 1960ರ ದಶಕದ ಮಧ್ಯಕ್ಕಿಂತ ಹಿಂದಿನ ಮುದ್ರಣಗಳಿಗಂತೂ ಆ ಸಂಖ್ಯೆಯೇ ಇಲ್ಲ. ಲೇಖಕರ ಹೆಸರು, ಶೀರ್ಷಿಕೆಯ ಒಂದೆರಡು ಪದ ಕೊಟ್ಟರೆ ಸಾಕು.

ಕನ್ನಡಕ್ಕೆ ಬಂದರೆ ಇದರ ಆಟ ನಡೆಯುವುದಿಲ್ಲ. ಒಂದೇ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬ ಮಾರಾಟಗಾರರು ಒಂದೊಂದು ಥರ ಬರೆದಿರುತ್ತಾರೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ರಾಶಿ ಹಾಕಿಕೊಂಡು ಕೂತವರ ಸರಕು ಅಲ್ಲಿಗೆ ಹೇಗೆ ತಲುಪೀತು? ಕನ್ನಡದ ಹಳೆಯ ಪುಸ್ತಕಕ್ಕೆ ನಾನು ಮೊದಲು ಆರ್ಕೈವ್ ಡಾಟ್ ಆರ್ಗ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯ ನೋಡುತ್ತೇನೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಅಲ್ಲಿವೆ. ಸಿಗದಿದ್ದರೆ ಮೈಸೂರು ಅಥವಾ ಹಂಪಿಯ ವಿಶ್ವವಿದ್ಯಾಲಯದ ಪ್ರಸಾರಾಂಗಕ್ಕೆ, ಅಂದರೆ ಪ್ರಕಟಣಾ ವಿಭಾಗಕ್ಕೆ, ಒಂದು ಫೋನ್. ಹಳೆಯ ದಾಸ್ತಾನು ಉಳಿದಿದ್ದರೆ ಅಚ್ಚಾದ ಬೆಲೆಗೇ ಸಿಗುವುದುಂಟು.

ಇನ್ನು ಮರುಮುದ್ರಣಗಳ ಕಾಟ. 1894ರ ಕಿಟೆಲ್ ಕನ್ನಡ–ಇಂಗ್ಲಿಷ್ ನಿಘಂಟಿನ ಸ್ಕ್ಯಾನ್ ಪ್ರತಿ ಆರ್ಕೈವ್‌ನಲ್ಲಿ ಉಚಿತ. ಹಕ್ಕುಸ್ವಾಮ್ಯ ಮುಗಿದ ಇಂಥ ಪುಸ್ತಕಗಳ ಸ್ಕ್ಯಾನನ್ನೇ ಅಚ್ಚು ಹಾಕಿ ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ. ಒಮ್ಮೆ ನನಗೆ ಬಂದ ಅಂಥದೊಂದು ಪುಸ್ತಕದಲ್ಲಿ ಮಡಚಿದ ನಕ್ಷೆಯನ್ನು ಬಿಚ್ಚದೆ ಹಾಗೇ ಸ್ಕ್ಯಾನ್ ಮಾಡಿದ್ದರು! ಹಳೇ ಪುಸ್ತಕದ ಮುಂದೆ ತೀರಾ ಈಚಿನ ಪ್ರಕಟಣಾ ವರ್ಷ ಕಂಡರೆ ಅನುಮಾನಿಸಿ. ಸಂಪುಟಗಳದೂ ಇದೇ ಕಥೆ: ಅದೇ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮದ್ರಾಸ್ ವಿಶ್ವವಿದ್ಯಾಲಯದ ಆವೃತ್ತಿ ನಾಲ್ಕು ಸಂಪುಟ, ತೋರಿಸಿದ ಬೆಲೆ ಒಂದಕ್ಕೋ ನಾಲ್ಕಕ್ಕೋ ಕೇಳಿಕೊಳ್ಳಬೇಕು.

ದುಡ್ಡು ಕಟ್ಟುವ ಮುಂಚೆ ಶೀರ್ಷಿಕೆ ಪುಟದ್ದೂ ಬೆನ್ನಿನದೂ ಫೋಟೊ ಕೇಳಿ. ನಿಜವಾಗಿ ಪ್ರತಿ ಕೈಯಲ್ಲಿರುವವರು ಕಳಿಸುತ್ತಾರೆ. ಸಬೂಬು ಹೇಳಿದರೆ ಪಟ್ಟಿಯಲ್ಲಿ ಮುಂದಿನವರನ್ನು ನೋಡಿ.